ಅಂಟಿಗಿಂತ ಮೊದಲು ಮೇಲ್ಮೈ

(ಪುಣೆಯಲ್ಲಿ ಕನ್ನಡಿಗ ಸಣ್ಣ ಉದ್ಯಮಿಗಳು ಹಾಗೂ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಉದ್ಯೋಗವನ್ನರಸಿ ಊರು ಬಿಟ್ಟು ಬಂದು, ಭೋಸರಿ, ಪಿಂಪ್ರಿ, ಚಿಂಚವಡಗಳ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಾಗೂ ತಮ್ಮದೇ ಆದ ಸಣ್ಣ ಘಟಕಗಳನ್ನು ನಡೆಸುತ್ತಿರುವ ತಮ್ಮೊಡನೆ ನಮ್ಮ ಭಾಷೆಯಲ್ಲಿಯೇ ಮಾತನಾಡುವ ಅವಕಾಶ ದೊರೆತುದು ನನಗೆ ಸಂತೋಷದ ಸಂಗತಿ. ಇಂದು ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಅತಿ ಸಣ್ಣದು. ಪ್ಲಾಸ್ಟಿಕ್ ವಸ್ತುಗಳನ್ನು ಅಂಟಿನಿಂದ ಜೋಡಿಸುವ ಮುನ್ನ ಅವುಗಳ ಮೇಲ್ಮೈಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದೇ ಆ ವಿಷಯ. ಇದರಲ್ಲಿ ಭಾಷಣ ಮಾಡುವಂಥದು ಏನಿದೆ ಎಂದು ತಮಗೆ ಅನಿಸಬಹುದು. ಆದುದರಿಂದ ನಾನು ಕಣ್ಣಾರೆ ಕಂಡ ಒಂದು ಪ್ರಸಂಗದಿಂದಲೇ ಮಾತನ್ನು ಆರಂಭಿಸುತ್ತೇನೆ.

ಕಳಚಿ ಬಿದ್ದ ಲೇಬಲ್ಲುಗಳು

ಕೆಲವು ವರ್ಷಗಳ ಹಿಂದೆ, ವಿಜಯಪುರ ಜಿಲ್ಲೆಯಿಂದ ಬಂದು ಇಲ್ಲಿ ಪುಟ್ಟ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ ನನ್ನ ಗೆಳೆಯರೊಬ್ಬರು ಐದು ಲೀಟರಿನ ಬಿಳಿಯ ಪ್ಲಾಸ್ಟಿಕ್ ಡಬ್ಬಿಗಳನ್ನು ತಯಾರಿಸುತ್ತಿದ್ದರು. ನೆಲ ತೊಳೆಯುವ ಆಮ್ಲ, ಬಟ್ಟೆ ಬಿಳುಪಾಗಿಸುವ ಬ್ಲೀಚಿಂಗ್ ದ್ರಾವಣ ಮೊದಲಾದವುಗಳನ್ನು ತುಂಬುವವರು ಅವರಿಂದ ಡಬ್ಬಿಗಳನ್ನು ಕೊಳ್ಳುತ್ತಿದ್ದರು. ಕೊಳ್ಳುವವರು ಕೊಟ್ಟ ಕಾಗದದ ಲೇಬಲ್ಲುಗಳನ್ನು ಅಂಟಿಸಿ ಒಪ್ಪಿಸುವುದೂ ಗೆಳೆಯರ ಕೆಲಸವಾಗಿತ್ತು.

ಮಳೆಗಾಲ ಬಂದಿತು. ಗೋದಾಮಿನ ತೇವಕ್ಕೆ ಲೇಬಲ್ಲುಗಳ ಅಂಚುಗಳು ಮೊದಲು ಸುರುಳಿಯಾದುವು. ಬಳಿಕ ಒಂದೊಂದಾಗಿ ಪೂರ್ತಿ ಕಳಚಿ ನೆಲಕ್ಕೆ ಬಿದ್ದುವು. ಅಂಗಡಿಯೊಂದರಲ್ಲಿ ಆಮ್ಲದ ಡಬ್ಬಿಯೂ ಬ್ಲೀಚಿಂಗ್ ದ್ರಾವಣದ ಡಬ್ಬಿಯೂ ಹೆಸರಿಲ್ಲದೆ, ಒಂದೇ ಬಣ್ಣದಲ್ಲಿ, ಒಂದೇ ಆಕಾರದಲ್ಲಿ ಅಕ್ಕಪಕ್ಕ ನಿಂತಿದ್ದುವು. ಇವೆರಡನ್ನೂ ಬೆರೆಸಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊರಬೀಳುತ್ತದೆ ಎಂಬುದು ತಮ್ಮಲ್ಲಿ ಅನೇಕರಿಗೆ ತಿಳಿದಿದೆ. ಅಂಗಡಿಯ ಕೆಲಸದಾಕೆಯೊಬ್ಬರು ಮುಚ್ಚಳ ತೆರೆದಾಗ ಬಂದ ವಾಸನೆಯಿಂದ ಸಂದೇಹಗೊಂಡು ಕೈ ಹಿಂದಕ್ಕೆ ತೆಗೆದುದರಿಂದ ಅನಾಹುತವೊಂದು ತಪ್ಪಿತು. ಮರುದಿನವೇ ಸರಕೆಲ್ಲವೂ ಹಿಂದಿರುಗಿ ಬಂದಿತು.

ಗೆಳೆಯರು ಅಂಟನ್ನು ದೂಷಿಸಿದರು. ಬೇರೊಂದು ಅಂಟನ್ನು ತಂದರು, ಅದೂ ನಿಲ್ಲಲಿಲ್ಲ. ಇನ್ನಷ್ಟು ಬೆಲೆಯ ಮೂರನೆಯ ಅಂಟನ್ನು ತಂದರು. ಅದೂ ಒಂದು ವಾರದಲ್ಲಿ ಕೈಕೊಟ್ಟಿತು. ಆಗ ಅವರು ನನ್ನನ್ನು ಕರೆಸಿದರು. ಕಳಚಿದ ಲೇಬಲ್ಲಿನ ಹಿಂಭಾಗವನ್ನು ನೋಡಿದೆವು. ಅಂಟು ಸಮಗ್ರವಾಗಿ ಕಾಗದದ ಮೇಲೆಯೇ ಇದ್ದಿತು. ಡಬ್ಬಿಯ ಮೈಯಲ್ಲಿ ಅದರ ಕುರುಹೂ ಇರಲಿಲ್ಲ. ಅಂಟು ಹರಿದಿರಲಿಲ್ಲ, ಕಾಗದವೂ ಹರಿದಿರಲಿಲ್ಲ. ಅಂಟು ಡಬ್ಬಿಯನ್ನು ಹಿಡಿದುಕೊಂಡೇ ಇರಲಿಲ್ಲ. ತಪ್ಪು ಅಂಟಿನದಲ್ಲ, ಮೇಲ್ಮೈಯದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಇಂದಿನ ನನ್ನ ಮಾತಿನ ತಿರುಳೂ ಇಷ್ಟೇ: ಅಂಟನ್ನು ಬದಲಿಸುವ ಮುನ್ನ ಮೇಲ್ಮೈಯನ್ನು ಪರೀಕ್ಷಿಸಿರಿ.

ಅಂಟುವುದು ಎಂದರೇನು?

ಅಂಟು ಒಂದು ವಸ್ತುವನ್ನು ಹಿಡಿಯಬೇಕಾದರೆ ಮೊದಲು ಅದರ ಮೇಲೆ ಹರಡಿಕೊಳ್ಳಬೇಕು. ಹರಡದ ಅಂಟು ಹನಿಹನಿಯಾಗಿ ನಿಲ್ಲುತ್ತದೆ. ಅದು ಗಟ್ಟಿಯಾದ ಬಳಿಕವೂ ವಸ್ತುವಿಗೂ ಅದಕ್ಕೂ ನಡುವೆ ಗಾಳಿಯ ಸಣ್ಣ ಸಣ್ಣ ಪೊಳ್ಳುಗಳು ಉಳಿದುಕೊಳ್ಳುತ್ತವೆ. ತಾವರೆಯ ಎಲೆಯ ಮೇಲೆ ನೀರು ನಿಲ್ಲುವ ಬಗೆಯನ್ನು ನೆನೆಯಿರಿ. ಹನಿ ಉರುಳುತ್ತದೆಯೇ ಹೊರತು ಎಲೆಯನ್ನು ನೆನೆಯಿಸುವುದಿಲ್ಲ. ಅದೇ ನೀರನ್ನು ಶುಭ್ರವಾದ ಗಾಜಿನ ಮೇಲೆ ಹಾಕಿದರೆ ತೆಳುವಾಗಿ ಹಬ್ಬುತ್ತದೆ.

ಈ ವ್ಯತ್ಯಾಸಕ್ಕೆ ಕಾರಣವೇನು? ಪ್ರತಿಯೊಂದು ದ್ರವದ ಅಣುಗಳೂ ತಮ್ಮತಮ್ಮೊಳಗೆ ಸೆಳೆದುಕೊಳ್ಳುತ್ತವೆ. ಈ ಸೆಳೆತದಿಂದ ದ್ರವದ ಮೇಲ್ಭಾಗ ಬಿಗಿದ ಚರ್ಮದಂತೆ ವರ್ತಿಸುತ್ತದೆ. ಇದನ್ನು ಮೇಲ್ಮೈ ಎಳೆತ ಎನ್ನುತ್ತೇವೆ. ಘನ ವಸ್ತುವಿನ ಮೇಲ್ಮೈಗೂ ಇಂಥದೇ ಒಂದು ಸೆಳೆಯುವ ಶಕ್ತಿಯಿದೆ. ಘನದ ಸೆಳೆತ ದ್ರವದ ಎಳೆತಕ್ಕಿಂತ ಹೆಚ್ಚಾಗಿದ್ದರೆ ದ್ರವ ಹಬ್ಬುತ್ತದೆ, ಕಡಿಮೆಯಾಗಿದ್ದರೆ ಹನಿಗಟ್ಟುತ್ತದೆ. ಹನಿಯ ಅಂಚು ಘನದೊಡನೆ ಮಾಡುವ ಕೋನದ ಬಗ್ಗೆ ಇಂಗ್ಲೆಂಡಿನ ಥಾಮಸ್ ಯಂಗ್ 1805ರಷ್ಟು ಹಿಂದೆಯೇ ವಿವರಿಸಿದ್ದನು. 1950ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದ ವಿಲಿಯಂ ಜಿಸ್ಮನ್ ಮತ್ತು ಅವರ ಸಹೋದ್ಯೋಗಿಗಳು ಹಲವಾರು ಪ್ಲಾಸ್ಟಿಕ್ಕುಗಳ ಮೇಲೆ ಯಾವ ದ್ರವ ಹಬ್ಬುತ್ತದೆ, ಯಾವುದು ಹಬ್ಬುವುದಿಲ್ಲ ಎಂಬುದನ್ನು ಅಳೆದು ಈ ವಿಚಾರಕ್ಕೆ ಅಂಕೆಗಳನ್ನು ಒದಗಿಸಿದರು.

ಆ ಅಂಕೆಗಳನ್ನು ತಾವು ನೆನಪಿನಲ್ಲಿ ಇಟ್ಟುಕೊಂಡರೆ ಅನುಕೂಲ. ಮಾನ ಸೆಂಟಿಮೀಟರಿಗೆ ಇಷ್ಟು ಡೈನ್ ಎಂದು. ನೀರಿನ ಮೇಲ್ಮೈ ಎಳೆತ ಸುಮಾರು 72. ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ಟೆಫ್ಲಾನಿನ ಮೇಲ್ಮೈ ಶಕ್ತಿ ಸುಮಾರು 18, ಪಾಲಿಪ್ರೊಪಿಲೀನ್ 30ರ ಆಸುಪಾಸು, ಪಾಲಿಥೀನ್ 31, ಪಿವಿಸಿ 39, ನೀರಿನ ಬಾಟಲಿಯ ಪೆಟ್ 43, ನೈಲಾನ್ 46. ನಾವು ಬಳಸುವ ಎಪಾಕ್ಸಿಯಂಥ ಅಂಟುಗಳ ಎಳೆತ ಸಾಮಾನ್ಯವಾಗಿ 40 ದಾಟಿದುದು. ಆದುದರಿಂದ ನೈಲಾನಿನ ಮೇಲೆ ಹಬ್ಬುವ ಅಂಟು ಪಾಲಿಥೀನಿನ ಮೇಲೆ ಹನಿಗಟ್ಟಿ ನಿಲ್ಲುವುದು ಸಹಜ.

ಪಾಲಿಥೀನ್ ಹೀಗೇಕೆ? 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ದೊರೆತ ಈ ವಸ್ತುವಿನಲ್ಲಿ ಇಂಗಾಲ, ಜಲಜನಕ ಇವೆರಡರ ಹೊರತು ಬೇರೇನೂ ಇಲ್ಲ. 1954ರಲ್ಲಿ ಇಟಲಿಯ ನಟ್ಟಾ ಸಿದ್ಧಪಡಿಸಿದ ಪಾಲಿಪ್ರೊಪಿಲೀನ್ ಕೂಡ ಅದೇ ಕುಲದ್ದು. ಇವುಗಳ ಉದ್ದನೆಯ ಅಣುಸರಪಣಿಗಳಲ್ಲಿ ಅಂಟಿನ ಅಣು ಕೈಹಿಡಿಯಬಹುದಾದ ಕೊಕ್ಕೆಗಳಿಲ್ಲ. ಆಮ್ಲಕ್ಕೆ, ನೀರಿಗೆ, ಎಣ್ಣೆಗೆ ಜಗ್ಗದಿರುವ ಅವುಗಳ ಗುಣವೇ ಅಂಟಿಗೂ ಜಗ್ಗದಂತೆ ಮಾಡಿದೆ. ಆಮ್ಲ ತುಂಬಲು ಯೋಗ್ಯವಾದ ಡಬ್ಬಿಯೇ ಲೇಬಲ್ ಹಿಡಿಯಲು ಅಯೋಗ್ಯವಾಗಿರುವುದು ಈ ಕಾರಣದಿಂದ.

ಕಲಾಯಿಯವನ ಪಾಠ

ಮೇಲ್ಮೈಯನ್ನು ಸಿದ್ಧಪಡಿಸುವ ಕಲೆ ನಮಗೆ ಹೊಸದಲ್ಲ. ನಮ್ಮ ಬಾಲ್ಯದಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದನು. ಅವನು ಪಾತ್ರೆಯನ್ನು ಮೊದಲು ಉಜ್ಜಿ ತಿಕ್ಕಿ ಶುಚಿಮಾಡುತ್ತಿದ್ದನು. ತಿದಿಯೊತ್ತಿ ಕೆಂಡದ ಮೇಲೆ ಕಾಯಿಸಿ ನವಸಾಗರದ ಪುಡಿ ಉದುರಿಸುತ್ತಿದ್ದನು. ಹೊಗೆಯೆದ್ದ ಕೂಡಲೆ ತವರವನ್ನು ತಾಕಿಸಿ ಅರಿವೆಯಿಂದ ಒರೆಸುತ್ತಿದ್ದನು. ಕ್ಷಣಾರ್ಧದಲ್ಲಿ ಒಳಮೈಯೆಲ್ಲ ಬೆಳ್ಳಿಯಂತೆ ಹೊಳೆಯುತ್ತಿತ್ತು. ನವಸಾಗರ ಹಾಕದಿದ್ದರೆ ಕರಗಿದ ತವರ ಗುಂಡುಗುಂಡಾಗಿ ಉರುಳುತ್ತಿತ್ತೇ ಹೊರತು ಪಾತ್ರೆಗೆ ಹತ್ತುತ್ತಿರಲಿಲ್ಲ. ಶುಚಿಮಾಡು, ಮೈಯನ್ನು ಎಚ್ಚರಗೊಳಿಸು, ತಡಮಾಡದೆ ಹಚ್ಚು ಎಂಬ ಅವನ ಮೂರು ಹೆಜ್ಜೆಗಳೇ ಇಂದಿಗೂ ಪ್ಲಾಸ್ಟಿಕ್ ಜೋಡಣೆಯ ಮೂರು ಹೆಜ್ಜೆಗಳಾಗಿವೆ.

ಇದಕ್ಕೆ ವಿರುದ್ಧವಾದ ಪಾಠವನ್ನು ನಮ್ಮ ಗೃಹಿಣಿಯರು ಬಲ್ಲರು. ದೋಸೆ ಅಂಟದಿರಲೆಂದು ಅವರು ಕಾವಲಿಗೆ ಎಣ್ಣೆ ಸವರಿ ಈರುಳ್ಳಿಯಿಂದ ಉಜ್ಜುತ್ತಾರೆ. ಎಣ್ಣೆಯ ತೆಳುಪದರ ಸಾಕು, ಹಿಟ್ಟು ಕಬ್ಬಿಣವನ್ನು ಹಿಡಿಯುವುದಿಲ್ಲ. ಕಾರ್ಖಾನೆಯಲ್ಲಿ ಬೆರಳಿನ ಜಿಡ್ಡು, ಯಂತ್ರದ ಎಣ್ಣೆ, ಅಚ್ಚಿನಿಂದ ವಸ್ತು ಸುಲಭವಾಗಿ ಬಿಡಲೆಂದು ಸಿಂಪಡಿಸುವ ಸಿಲಿಕೋನ್ ಇವೆಲ್ಲವೂ ನಮಗೆ ಅರಿವಿಲ್ಲದೆಯೇ ದೋಸೆಕಾವಲಿಯ ಕೆಲಸವನ್ನು ಮಾಡಿಬಿಡುತ್ತವೆ.

ಮೊದಲ ಹೆಜ್ಜೆ: ಶುಚಿ

ಗೆಳೆಯರ ಕಾರ್ಖಾನೆಯಲ್ಲಿ ನಾವು ಮೊದಲು ಮಾಡಿದುದು ಸಿಲಿಕೋನ್ ಸಿಂಪಡಣೆಯನ್ನು ನಿಲ್ಲಿಸುವ ಕೆಲಸ. ಬಳಿಕ ಕೆಲವು ಡಬ್ಬಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಒರೆಸಿದೆವು. ಒರೆಸುವುದರಲ್ಲಿಯೂ ಒಂದು ಕ್ರಮವಿದೆ. ಒಂದೇ ಬಟ್ಟೆಯನ್ನು ಮತ್ತೆ ಮತ್ತೆ ಬಳಸಿದರೆ ಒಂದು ಡಬ್ಬಿಯ ಜಿಡ್ಡನ್ನು ಇನ್ನೊಂದಕ್ಕೆ ಸವರಿದಂತಾಗುತ್ತದೆ. ಆದುದರಿಂದ ಒಂದು ದಿಕ್ಕಿನಲ್ಲಿ ಒರೆಸಿ, ಬಟ್ಟೆಯ ಹೊಸ ಭಾಗವನ್ನು ಬಳಸಿ, ದ್ರಾವಕ ಆರಿಹೋಗುವ ಮುನ್ನವೇ ಒಣಬಟ್ಟೆಯಿಂದ ತೆಗೆದುಬಿಡಬೇಕು.

ಎಲ್ಲ ದ್ರಾವಕಗಳೂ ಎಲ್ಲ ಪ್ಲಾಸ್ಟಿಕ್ಕುಗಳಿಗೂ ಹೊಂದುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪಾಲಿಕಾರ್ಬೊನೇಟ್, ಅಕ್ರಿಲಿಕ್ ಮೊದಲಾದ ಪಾರದರ್ಶಕ ಪ್ಲಾಸ್ಟಿಕ್ಕುಗಳಿಗೆ ಅಸಿಟೋನ್ ತಾಕಿದರೆ ಮೇಲ್ಮೈ ಮಂಕಾಗಬಹುದು, ಕೂದಲೆಳೆಯಂಥ ಬಿರುಕುಗಳು ಮೂಡಬಹುದು. ಆ ಬಿರುಕು ಇಂದು ಕಾಣದಿದ್ದರೂ ಮುಂದೆ ಭಾರ ಬಿದ್ದಾಗ ವಸ್ತುವನ್ನು ಒಡೆಯುತ್ತದೆ.

ಎರಡನೆಯದು ಒರಟುಗೊಳಿಸುವುದು. ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿದರೆ ದುರ್ಬಲವಾದ ಮೇಲ್ಪದರ ಹೋಗಿ ಅಂಟಿಗೆ ಹಿಡಿತದ ಜಾಗ ಹೆಚ್ಚುತ್ತದೆ. ಎಬಿಎಸ್, ಪಿವಿಸಿ, ನಾರುಗಾಜಿನ ಹಲಗೆ ಮುಂತಾದವುಗಳಿಗೆ ಶುಚಿ ಮತ್ತು ಉಜ್ಜುವಿಕೆ ಇವೆರಡೇ ಅನೇಕ ವೇಳೆ ಸಾಕಾಗುತ್ತವೆ. ಜಿಡ್ಡು ತೆಗೆಯುವ ಮುನ್ನ ಉಜ್ಜಬಾರದು. ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಉಜ್ಜಿದ ಬಳಿಕ ಪುಡಿಯನ್ನು ಮತ್ತೊಮ್ಮೆ ಒರೆಸಬೇಕು.

ಶುಚಿಗೊಳಿಸಿದ ನಮ್ಮ ಡಬ್ಬಿಗಳಲ್ಲಿ ಲೇಬಲ್ಲು ಹಿಂದಿಗಿಂತ ಸ್ವಲ್ಪ ಮೇಲಾಗಿ ನಿಂತಿತು. ಆದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಾಗ ಎರಡು ದಿನಗಳಲ್ಲಿ ಮತ್ತೆ ಕಳಚಿತು. ಪಾಲಿಥೀನಿಗೆ ಶುಚಿಯೊಂದೇ ಸಾಲದು. ಕೊಕ್ಕೆಗಳಿಲ್ಲದ ಮೈಗೆ ಕೊಕ್ಕೆಗಳನ್ನು ಮೂಡಿಸಬೇಕು.

ಎರಡನೆಯ ಹೆಜ್ಜೆ: ಮೈಯನ್ನು ಎಚ್ಚರಿಸುವುದು

ಇದಕ್ಕೆ ಇರುವ ಮುಖ್ಯ ಉಪಾಯಗಳು ನಾಲ್ಕು.

ಮೊದಲನೆಯದು ಜ್ವಾಲೆ. ಅನಿಲಕ್ಕೆ ಸಾಕಷ್ಟು ಗಾಳಿ ಬೆರೆಸಿ ಉರಿಸಿದಾಗ ಬರುವ ನೀಲಿಯ ಜ್ವಾಲೆಯ ತುದಿಯಲ್ಲಿ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಒಂದು ಸೆಕೆಂಡಿನ ಸಣ್ಣ ಭಾಗದಷ್ಟು ಕಾಲ ಮಾತ್ರ ಹಾಯಿಸಿ ತೆಗೆಯಬೇಕು. ಜ್ವಾಲೆಯಲ್ಲಿರುವ ಚುರುಕಾದ ಕಣಗಳು ಅಣುಸರಪಣಿಯಿಂದ ಜಲಜನಕವನ್ನು ಕಿತ್ತು, ಆ ಸ್ಥಾನದಲ್ಲಿ ಆಮ್ಲಜನಕವನ್ನು ಕೂರಿಸುತ್ತವೆ. ಈ ಆಮ್ಲಜನಕವೇ ಅಂಟಿನ ಅಣು ಕೈಹಿಡಿಯುವ ಕೊಕ್ಕೆ. ಬದಲಾವಣೆ ಆಗುವುದು ಅತಿ ತೆಳುವಾದ ಪದರದಲ್ಲಿ. ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗದಷ್ಟು ಆಳದಲ್ಲಿ. ವಸ್ತುವಿನ ಬಲ, ಬಣ್ಣ, ಆಕಾರ ಹಾಗೆಯೇ ಉಳಿಯುತ್ತವೆ. ಹಳದಿಯ ಹೊಗೆಜ್ವಾಲೆಯಿಂದ ಈ ಕೆಲಸ ಆಗುವುದಿಲ್ಲ. ಅದು ಮಸಿಯನ್ನು ಬಳಿಯುತ್ತದೆ. ಕಾರಿನ ಬಂಪರುಗಳಿಗೆ ಬಣ್ಣ ಹಚ್ಚುವ ಮುನ್ನ ಯಂತ್ರದ ತೋಳು ಜ್ವಾಲೆಯನ್ನು ಅವುಗಳ ಮೇಲೆ ಹಾಯಿಸುವುದನ್ನು ತಮ್ಮಲ್ಲಿ ಕೆಲವರು ಕಂಡಿರಬಹುದು.

ಎರಡನೆಯದು ಕೊರೋನಾ ವಿಸರ್ಜನೆ. ಹೆಸರು ಕೇಳಿ ಯಾರೂ ಗಾಬರಿಯಾಗಬಾರದು. ಇದು ಕಾಯಿಲೆಗೆ ಸಂಬಂಧಿಸಿದುದಲ್ಲ. ಎರಡು ಲೋಹದ ಪಟ್ಟಿಗಳ ನಡುವೆ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಹಾಯಿಸಿದಾಗ ಅಲ್ಲಿನ ಗಾಳಿ ನೇರಳೆ ಬೆಳಕು ಬೀರಿ ಸಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಆ ನಡುವೆ ಓಡಿಸಿದರೆ ಅದರ ಮೈಗೆ ಆಮ್ಲಜನಕ ಸೇರುತ್ತದೆ. ಡೆನ್ಮಾರ್ಕಿನ ವರ್ನರ್ ಐಸ್ಬಿ ಎಂಬ ಎಂಜಿನಿಯರ್ 1951ರಲ್ಲಿ ಇದನ್ನು ಬಳಕೆಗೆ ತಂದನು. ನಾವು ಪ್ರತಿದಿನ ಬೆಳಿಗ್ಗೆ ಕೊಳ್ಳುವ ಹಾಲಿನ ಪೊಟ್ಟಣದ ಮೇಲಿನ ಅಚ್ಚು ಕೈಗೆ ಹತ್ತದೆ ನಿಲ್ಲುವುದು ಈ ಸಂಸ್ಕಾರದಿಂದಲೇ. ಇದರಲ್ಲಿ ಒಂದು ಸೂಕ್ಷ್ಮವುಂಟು. ಸಂಸ್ಕರಿಸುವುದು ಹಾಳೆಯ ಹೊರಬದಿಯನ್ನು ಮಾತ್ರ. ಒಳಬದಿಗೂ ಅದು ತಗಲಿದರೆ ಕಾಯಿಸಿ ಬೆಸೆಯುವಾಗ ಬೆಸುಗೆ ದುರ್ಬಲವಾಗಿ ಹಾಲು ಸೋರಬಹುದು.

ಮೂರನೆಯದು ಪ್ಲಾಸ್ಮಾ. ಅನಿಲಕ್ಕೆ ವಿದ್ಯುತ್ ಶಕ್ತಿಯನ್ನು ಕೊಟ್ಟು ಅದರ ಪರಮಾಣುಗಳನ್ನು ಒಡೆದಾಗ ಆಗುವ ಸ್ಥಿತಿಗೆ 1928ರಲ್ಲಿ ಲ್ಯಾಂಗ್ಮೂರ್ ಎಂಬ ವಿಜ್ಞಾನಿ ಈ ಹೆಸರಿಟ್ಟನು. ಮಿಂಚಿನಲ್ಲಿಯೂ ಟ್ಯೂಬ್‌ಲೈಟಿನಲ್ಲಿಯೂ ಇರುವುದು ಇದೇ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಆಮ್ಲಜನಕ ಅಥವಾ ಆರ್ಗಾನ್ ತುಂಬಿ ಪ್ಲಾಸ್ಮಾ ಎಬ್ಬಿಸಿದರೆ, ಒಳಗಿಟ್ಟ ವಸ್ತು ಎಷ್ಟೇ ತಿರುವುಮುರುವಾಗಿದ್ದರೂ ಎಲ್ಲೆಡೆ ಸಮನಾಗಿ ಸಂಸ್ಕಾರ ಹೊಂದುತ್ತದೆ. ವೈದ್ಯಕೀಯ ಸಲಕರಣೆಗಳಿಗೆ ಇದು ಬಹು ಉಪಯುಕ್ತ. ಚುಚ್ಚುಮದ್ದಿನ ಉಕ್ಕಿನ ಸೂಜಿಯನ್ನು ಪಾಲಿಪ್ರೊಪಿಲೀನಿನ ಹಿಡಿಗೆ ಅಂಟಿನಿಂದ ಕೂರಿಸಿರುತ್ತಾರೆ. ಅಂಟು ಬಿಟ್ಟುಕೊಟ್ಟರೆ ಸೂಜಿ ರೋಗಿಯ ಮೈಯಲ್ಲಿಯೇ ಉಳಿಯುವ ಭಯವುಂಟು. ಕಣ್ಣಿಗೆ ಕಾಣದ ಆ ತೆಳುಪದರದ ಮೇಲೆ ಒಂದು ಜೀವದ ಕ್ಷೇಮ ನಿಂತಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ನಾಲ್ಕನೆಯದು ರಾಸಾಯನಿಕ ಲೇಪ. ಮೇಲ್ಮೈಗೆ ಪ್ರೈಮರ್ ಎಂಬ ತೆಳುವಾದ ದ್ರವವನ್ನು ಬಳಿದು, ಅದು ಆರಿದ ಮೇಲೆ ಅಂಟು ಹಚ್ಚುವುದು. ಕ್ಷಣದಲ್ಲಿ ಹಿಡಿಯುವ ಸಯನೊಅಕ್ರಿಲೇಟ್ ಅಂಟು ಪಾಲಿಪ್ರೊಪಿಲೀನನ್ನು ತಾನಾಗಿ ಹಿಡಿಯದು. ಅದಕ್ಕೆಂದೇ ಮಾಡಿದ ಪ್ರೈಮರನ್ನು ಮೊದಲು ಸವರಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಯಂತ್ರ ಕೊಳ್ಳಲಾರದ ಸಣ್ಣ ಘಟಕಗಳಿಗೆ ಇದು ಕೈಗೆಟಕುವ ದಾರಿ.

ಹಿಂದೆ ಬಳಕೆಯಲ್ಲಿದ್ದ ಇನ್ನೊಂದು ವಿಧಾನವೆಂದರೆ ಕ್ರೋಮಿಕ್ ಆಮ್ಲದಲ್ಲಿ ಅದ್ದುವುದು. ಅದರಿಂದ ಅಂಟು ಬಲವಾಗಿ ಹಿಡಿಯುತ್ತದೆ ಎಂಬುದು ನಿಜ. ಆದರೆ ಅದರಲ್ಲಿರುವ ಷಟ್‌ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದು. ತಮಿಳುನಾಡಿನ ರಾಣಿಪೇಟೆಯಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದರ ತ್ಯಾಜ್ಯದ ರಾಶಿ ಸುತ್ತಲಿನ ಅಂತರ್ಜಲವನ್ನು ಹಳದಿಗೊಳಿಸಿದ ಕಥೆ ನಮ್ಮ ಕಣ್ಣ ಮುಂದಿದೆ. ಸಣ್ಣ ಘಟಕದವರು ಈ ವಿಧಾನದ ಗೊಡವೆಗೆ ಹೋಗದಿರುವುದೇ ಲೇಸು.

ಮೂರನೆಯ ಹೆಜ್ಜೆ: ತಡಮಾಡದಿರುವುದು

ಗೆಳೆಯರ ಡಬ್ಬಿಗಳಿಗೆ ನಾವು ಜ್ವಾಲೆಯ ಉಪಾಯವನ್ನು ಆರಿಸಿಕೊಂಡೆವು. ಲೇಬಲ್ ಬೀಳುವ ಜಾಗವನ್ನು ಮಾತ್ರ ಜ್ವಾಲೆಯ ಮುಂದೆ ಹಾಯಿಸುವ ಸರಳ ಏರ್ಪಾಡನ್ನು ಮಾಡಿದೆವು. ಹಿಂದಿನ ಮೊದಲನೆಯ ಅಂಟನ್ನೇ, ಅವರು ದೂಷಿಸಿ ಮೂಲೆಗೆ ತಳ್ಳಿದ್ದ ಅಗ್ಗದ ಅಂಟನ್ನೇ, ಹಚ್ಚಿದೆವು. ಒದ್ದೆ ಬಟ್ಟೆಯಲ್ಲಿ ಒಂದು ವಾರ ಸುತ್ತಿಟ್ಟರೂ ಲೇಬಲ್ಲು ಬಿಡಲಿಲ್ಲ. ಉಗುರಿನಿಂದ ಕೆರೆದಾಗ ಕಾಗದ ಹರಿದುಬಂದಿತು, ಅಂಟು ಡಬ್ಬಿಯಲ್ಲಿಯೇ ಉಳಿಯಿತು. ಗೆಳೆಯರ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ಕಂಡಿತು.

ಆದರೆ ಪಾಠ ಅಲ್ಲಿಗೆ ಮುಗಿಯಲಿಲ್ಲ. ಕೆಲಸ ಹಗುರಾಗಲೆಂದು ಅವರು ಒಮ್ಮೆಗೆ ಸಾವಿರಾರು ಡಬ್ಬಿಗಳಿಗೆ ಜ್ವಾಲೆ ತೋರಿಸಿ ಗೋದಾಮಿನಲ್ಲಿ ಪೇರಿಸಿದರು. ಒಂದು ತಿಂಗಳ ಮೇಲೆ ಲೇಬಲ್ ಅಂಟಿಸಿದಾಗ ಕೆಲವು ಮತ್ತೆ ಕಳಚಿದುವು. ಸಂಸ್ಕರಿಸಿದ ಮೇಲ್ಮೈ ಶಾಶ್ವತವಲ್ಲ. ಕಾಲ ಕಳೆದಂತೆ ಮೇಲಿದ್ದ ಆಮ್ಲಜನಕದ ಕೊಕ್ಕೆಗಳು ಒಳಕ್ಕೆ ಮಗುಚಿಕೊಳ್ಳುತ್ತವೆ. ಪ್ಲಾಸ್ಟಿಕ್ಕಿಗೆ ನುಣುಪು ಬರಲೆಂದು ಬೆರೆಸಿದ ಮೇಣದಂಥ ಪದಾರ್ಥಗಳು ಒಳಗಿನಿಂದ ಮೇಲೇಳುತ್ತವೆ. ಧೂಳು, ಬೆರಳ ಜಿಡ್ಡು ಸೇರುತ್ತವೆ. ಕಾದ ಪಾತ್ರೆ ಆರುವ ಮುನ್ನ ಕಲಾಯಿಯವನು ತವರ ಹಚ್ಚುವಂತೆ, ಸಂಸ್ಕರಿಸಿದ ಪ್ಲಾಸ್ಟಿಕ್ಕಿಗೆ ಸಾಧ್ಯವಾದರೆ ಅಂದೇ ಅಂಟು ಹಚ್ಚಬೇಕು. ಗೆಳೆಯರು ಆ ಮೇಲೆ ಅಂದಂದಿನ ಡಬ್ಬಿಗೆ ಅಂದೇ ಲೇಬಲ್ ಎಂಬ ನಿಯಮವನ್ನು ಗೋಡೆಯ ಮೇಲೆ ಬರೆಸಿದರು.

ಅತಿಯಾದ ಸಂಸ್ಕಾರವೂ ಕೆಡುಕು. ಜ್ವಾಲೆಯನ್ನಾಗಲಿ ಕೊರೋನಾವನ್ನಾಗಲಿ ಬೇಕಾದುದಕ್ಕಿಂತ ಹೆಚ್ಚು ತಾಕಿಸಿದರೆ ಅಣುಸರಪಣಿಗಳು ತುಂಡುತುಂಡಾಗಿ ಮೇಲ್ಮೈಯಲ್ಲಿ ಬೂದಿಯಂಥ ದುರ್ಬಲ ಪದರ ಉಂಟಾಗುತ್ತದೆ. ಅಂಟು ಆ ಪದರವನ್ನು ಹಿಡಿಯುತ್ತದೆ, ಪದರ ವಸ್ತುವನ್ನು ಹಿಡಿಯುವುದಿಲ್ಲ.

ಪರೀಕ್ಷೆ ಹೇಗೆ?

ಸಂಸ್ಕಾರ ಆಗಿದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಹನಿ ನೀರು ಅದನ್ನು ಹೇಳಬಲ್ಲದು. ಸಂಸ್ಕರಿಸದ ಪಾಲಿಥೀನಿನ ಮೇಲೆ ಶುದ್ಧ ನೀರಿನ ಹನಿ ಗುಂಡಗೆ ನಿಲ್ಲುತ್ತದೆ. ಸಂಸ್ಕರಿಸಿದುದರ ಮೇಲೆ ಚಪ್ಪಟೆಯಾಗಿ ಹರಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಶಾಲೆಯ ಮಗುವೂ ಗುರುತಿಸಬಹುದು. ಒಂದು ಎಚ್ಚರಿಕೆ: ಸೋಪಿನ ಶೇಷ ಉಳಿದಿದ್ದರೂ ನೀರು ಹರಡುತ್ತದೆ, ಆದರೆ ಅಂಟು ಹಿಡಿಯುವುದಿಲ್ಲ. ಆದುದರಿಂದ ತೊಳೆದ ವಸ್ತುವನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಾಡಿ ಒಣಗಿಸಿದ ಮೇಲೆಯೇ ಈ ಪರೀಕ್ಷೆಯನ್ನು ನಂಬಬೇಕು.

ಇನ್ನೂ ನಿಖರವಾಗಿ ಅಳೆಯಲು ಡೈನ್ ಪೆನ್ನುಗಳು ದೊರೆಯುತ್ತವೆ. ಒಂದೊಂದು ಪೆನ್ನಿನ ಮಸಿಗೂ ಒಂದೊಂದು ನಿಗದಿತ ಎಳೆತವಿರುತ್ತದೆ. 38ರ ಪೆನ್ನಿನಿಂದ ಗೆರೆ ಎಳೆದಾಗ ಎರಡು ಸೆಕೆಂಡುಗಳ ಕಾಲ ಗೆರೆ ಒಡೆಯದೆ ನಿಂತರೆ ಮೇಲ್ಮೈಯ ಮಟ್ಟ 38 ಅಥವಾ ಅದಕ್ಕಿಂತ ಮೇಲಿದೆ ಎಂದರ್ಥ. ಹನಿಹನಿಯಾಗಿ ಒಡೆದರೆ ಸಾಲದು ಎಂದರ್ಥ. ಈ ಮಸಿಗಳಲ್ಲಿ ಅನೇಕವು ಫಾರ್ಮಮೈಡ್ ಎಂಬ ವಿಷಪದಾರ್ಥವನ್ನು ಒಳಗೊಂಡಿರುವುದರಿಂದ ಕೈಗವಸು ಧರಿಸಬೇಕು. ಗರ್ಭಿಣಿಯರನ್ನು ಈ ಕೆಲಸಕ್ಕೆ ಹಚ್ಚಬಾರದು.

ಎಲ್ಲಕ್ಕಿಂತ ಕೊನೆಯ ಪರೀಕ್ಷೆ ಎಂದರೆ ಜೋಡಣೆಯನ್ನೇ ಕಿತ್ತು ನೋಡುವುದು. ಅಂಟು ಒಂದು ಬದಿಯಿಂದ ಸಮಗ್ರವಾಗಿ ಎದ್ದುಬಂದರೆ ಆ ಬದಿಯ ಮೇಲ್ಮೈ ಸಿದ್ಧವಾಗಿರಲಿಲ್ಲ. ಅಂಟು ಎರಡೂ ಬದಿಯಲ್ಲಿ ಉಳಿದು ನಡುವೆ ಹರಿದಿದ್ದರೆ ಅಂಟಿನ ಬಲ ಸಾಲದು. ವಸ್ತುವೇ ಹರಿದರೆ ಜೋಡಣೆ ಯಶಸ್ವಿಯಾಗಿದೆ. ಪ್ರತಿಯೊಂದು ತಂಡದ ಸರಕಿನಿಂದಲೂ ಒಂದೆರಡನ್ನು ಹೀಗೆ ಕಿತ್ತು ನೋಡಿ, ದಿನಾಂಕ ಸಹಿತ ಬರೆದಿಡುವ ಅಭ್ಯಾಸವನ್ನು ತಾವು ಮಾಡಿಕೊಳ್ಳಬೇಕು.

ಕ್ಷೇಮದ ಮಾತು

ಜ್ವಾಲೆಯ ಸಮೀಪದಲ್ಲಿ ದ್ರಾವಕದ ಡಬ್ಬಿಗಳನ್ನು ಇಡಬಾರದು. ದ್ರಾವಕದಿಂದ ಒರೆಸಿದ ವಸ್ತು ಪೂರ್ತಿ ಒಣಗುವ ಮುನ್ನ ಜ್ವಾಲೆ ತೋರಿಸಬಾರದು. ಹಿಂದೆ ಪೆಟ್ರೋಲ್, ಥಿನ್ನರ್ ಮೊದಲಾದವು ತುಂಬಿದ್ದ ಹಳೆಯ ಡಬ್ಬಿಗಳನ್ನು ಜ್ವಾಲೆಯ ಬಳಿಗೆ ತರಲೇಬಾರದು. ಒಳಗುಳಿದ ಆವಿ ಸಿಡಿಯಬಹುದು. ಕೊರೋನಾ ಯಂತ್ರದಿಂದ ಓಜೋನ್ ಅನಿಲ ಹುಟ್ಟುತ್ತದೆ. ಅದರ ಘಾಟು ಮೂಗಿಗೆ ಬಡಿಯಿತೆಂದರೆ ಹೊರಸೆಳೆಯುವ ಫ್ಯಾನು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತಿಳಿದು ಯಂತ್ರವನ್ನು ನಿಲ್ಲಿಸಬೇಕು. ಉಳಿತಾಯಕ್ಕಾಗಿ ಆ ಫ್ಯಾನನ್ನು ಆರಿಸುವುದು ಕಾರ್ಮಿಕನ ಶ್ವಾಸಕೋಶದ ಖರ್ಚಿನಲ್ಲಿ ಮಾಡಿದ ಉಳಿತಾಯವಾಗುತ್ತದೆ.

ಮನೆಯವರಿಗೆ ಎರಡು ಮಾತು

ಸಭೆಯಲ್ಲಿರುವ ಸೋದರಿಯರು, ಇದೆಲ್ಲ ಕಾರ್ಖಾನೆಯ ಮಾತಾಯಿತು, ನಮ್ಮ ಮನೆಯ ಒಡೆದ ಬಕೆಟ್ಟಿಗೆ ಏನು ಹೇಳುತ್ತೀರಿ ಎಂದು ಕೇಳಬಹುದು. ಮೊದಲು ವಸ್ತುವಿನ ತಳದಲ್ಲಿರುವ ತ್ರಿಕೋನದ ಗುರುತನ್ನು ನೋಡಿರಿ. ಅದರೊಳಗೆ 2 ಅಥವಾ 4 ಇದ್ದರೆ ಪಾಲಿಥೀನ್, 5 ಇದ್ದರೆ ಪಾಲಿಪ್ರೊಪಿಲೀನ್. ಗುರುತಿಲ್ಲದಿದ್ದರೆ ಒಡೆದ ಚೂರನ್ನು ನೀರಿಗೆ ಹಾಕಿರಿ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರವಾದುದರಿಂದ ತೇಲುತ್ತವೆ. ಪಿವಿಸಿ, ಪೆಟ್, ನೈಲಾನ್, ಅಕ್ರಿಲಿಕ್ ಮುಳುಗುತ್ತವೆ. ಸುಣ್ಣದ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಮುಳುಗುವುದುಂಟು, ಗಾಳಿ ತುಂಬಿದ ಥರ್ಮೊಕೋಲ್ ತೇಲುವುದುಂಟು ಎಂಬ ಅಪವಾದಗಳನ್ನು ಬಿಟ್ಟರೆ, ತೇಲುವ ಗಟ್ಟಿ ಪ್ಲಾಸ್ಟಿಕ್ ಸಾಮಾನ್ಯ ಅಂಟಿಗೆ ಒಗ್ಗುವುದಿಲ್ಲ ಎಂದು ತಿಳಿಯಬಹುದು. ಅಂಥದಕ್ಕೆ ಪ್ರೈಮರ್ ಸಹಿತವಾದ ಅಂಟನ್ನು ತರಬೇಕು. ಇಲ್ಲವೇ ಬಿಸಿಯಿಂದ ಬೆಸೆಯುವವರ ಬಳಿಗೆ ಒಯ್ಯಬೇಕು.

ಮನೆಯ ನಲ್ಲಿಯ ಪಿವಿಸಿ ಕೊಳವೆಗೆ ಹಚ್ಚುವ ಅಂಟಿನ ರೀತಿ ಬೇರೆ. ಅದು ಕೊಳವೆಯ ಮೈಯನ್ನು ಕರಗಿಸಿ ಎರಡನ್ನೂ ಒಂದಾಗಿಸುತ್ತದೆ. ಅಲ್ಲಿಯೂ ಒರೆಸಿ, ಹಗುರವಾಗಿ ಉಜ್ಜಿ, ಹಚ್ಚಿ, ಒಡನೆಯೇ ಜೋಡಿಸುವುದು ಅವಶ್ಯಕ. ಅದೇ ಅಂಟನ್ನು ಪಾಲಿಥೀನ್ ಕೊಳವೆಗೆ ಹಚ್ಚಿದರೆ ಪ್ರಯೋಜನವಿಲ್ಲ.

ಕೆಲವು ವಸ್ತುಗಳನ್ನು ಅಂಟಿಸಿ ಬಳಸಲೇಬಾರದು. ಬಿರುಕು ಬಿಟ್ಟ ಹೆಲ್ಮೆಟ್, ಅಡುಗೆ ಅನಿಲದ ಕೊಳವೆ, ಮಗುವಿನ ಹಾಲಿನ ಬಾಟಲಿ ಇವುಗಳನ್ನು ಬದಲಿಸಬೇಕೇ ಹೊರತು ದುರಸ್ತಿ ಮಾಡಬಾರದು.

ಎಲ್ಲಿ ವಿಚಾರಿಸಬೇಕು?

ಸಣ್ಣ ಉದ್ಯಮಿಗಳು ಇದೆಲ್ಲವನ್ನೂ ಒಬ್ಬಂಟಿಯಾಗಿ ಕಲಿಯಬೇಕಾಗಿಲ್ಲ. ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ ತರಬೇತಿ ಮತ್ತು ಪರೀಕ್ಷೆಯ ಸೌಲಭ್ಯ ಒದಗಿಸಲೆಂದು ಕೇಂದ್ರ ಸರ್ಕಾರ 1968ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಸಿಪೆಟ್ ಸಂಸ್ಥೆಗೆ ಇಂದು ಮೈಸೂರು, ಹೈದರಾಬಾದು, ಹಿಂದೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರ ಮೊದಲಾದೆಡೆಗಳಲ್ಲಿ ಕೇಂದ್ರಗಳಿವೆ. ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯು ತನ್ನ ಜ್ಞಾನವನ್ನು ಕೈಗಾರಿಕೆಗಳಿಗೆ ತಲುಪಿಸಲೆಂದೇ 1997ರಲ್ಲಿ ಪ್ರತ್ಯೇಕ ವಿಭಾಗವೊಂದನ್ನು ತೆರೆಯಿತು. ಅಂಗೋರಾ ಮೊಲದ ಉಣ್ಣೆಯ ಎಳೆಗಳು ಬಹಳ ನುಣುಪಾಗಿ, ನೂಲುವಾಗ ಜಾರಿಹೋಗುತ್ತಿದ್ದ ತೊಂದರೆಗೆ ಅಲ್ಲಿನ ವಿಜ್ಞಾನಿಗಳು ಪ್ಲಾಸ್ಮಾ ಸಂಸ್ಕಾರದಿಂದ ಪರಿಹಾರ ಕಂಡುಹಿಡಿದರು. ಪ್ಲಾಸ್ಟಿಕ್ಕಿಗಾಗಲಿ ಉಣ್ಣೆಗಾಗಲಿ ತತ್ತ್ವ ಒಂದೇ: ಒಳಗಿನ ಗುಣವನ್ನು ಹಾಗೆಯೇ ಉಳಿಸಿ ಮೇಲ್ಮೈಯನ್ನು ಮಾತ್ರ ಬದಲಿಸುವುದು.

ಬಂಧುಗಳೇ, ಗೆಳೆಯರ ಆ ಪ್ರಸಂಗದಲ್ಲಿ ಹೊಸ ಅಂಟುಗಳಿಗೆಂದು ವ್ಯಯವಾದ ಹಣ ವ್ಯರ್ಥವಾಯಿತು. ಕೊನೆಗೆ ಕೆಲಸ ಮಾಡಿದುದು ಒಂದು ಜ್ವಾಲೆ, ಒಂದು ಹನಿ ನೀರು ಮತ್ತು ಅಂದಿನ ಕೆಲಸವನ್ನು ಅಂದೇ ಮಾಡುವ ಶಿಸ್ತು. ಆದರೆ ಅದಕ್ಕಿಂತ ಮುಖ್ಯವಾದುದನ್ನು ತಾವು ಮರೆಯಬಾರದು. ಲೇಬಲ್ಲು ಕೇವಲ ಕಾಗದದ ಚೂರಲ್ಲ. ಡಬ್ಬಿಯೊಳಗೆ ಏನಿದೆ ಎಂದು ಅದನ್ನು ಕೈಗೆತ್ತಿಕೊಳ್ಳುವ ಅಪರಿಚಿತರಿಗೆ ತಿಳಿಸುವ ಎಚ್ಚರಿಕೆಯ ಮಾತು ಅದು. ಆ ಮಾತು ಡಬ್ಬಿಯ ಮೇಲೆ ಕೊನೆಯವರೆಗೆ ನಿಲ್ಲುವಂತೆ ನೋಡಿಕೊಳ್ಳುವುದು ಅದನ್ನು ತಯಾರಿಸಿದವರ ಹೊಣೆ. ಆ ಹೊಣೆಯನ್ನು ಅಂಟಿನ ಮೇಲೆ ಹೊರಿಸದೆ ನಮ್ಮ ಕೈಗಳಲ್ಲಿಯೇ ಇಟ್ಟುಕೊಳ್ಳೋಣ.